ಬಟ್ಟೆ ಹಾಕಿಕೊಂಡು ಸಿಕ್ಕಿಬಿದ್ದದ್ದು

ತಪ್ಪು ನನ್ನದೇ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ತಡಮಾಡಿದರೆ ನನ್ನ ಹೆಂಡತಿ ಸೌಮ್ಯಾ ಹೇಳಿಬಿಡುತ್ತಾಳೆ, ಅವಳು ಹೇಳುವಾಗ ನನ್ನ ಹಳೆಯ ನಾಲ್ಕು ತಪ್ಪುಗಳನ್ನೂ ಒಗ್ಗರಣೆಗೆ ಹಾಕುತ್ತಾಳೆ. ಮದುವೆಯಾಗಿ ಎರಡು ವರ್ಷದ ಮೇಲೆ, ತಡವಾದ ಹನಿಮೂನಿಗೆಂದು ನಾನು ಅವಳನ್ನು ಕರೆದುಕೊಂಡು ಹೋದದ್ದು ಯುರೋಪಿನ ದ್ವೀಪವೊಂದರ ರೆಸಾರ್ಟಿಗೆ. ಅಲ್ಲಿ ಬಟ್ಟೆ ಹಾಕಿಕೊಳ್ಳುವುದೂ ಬಿಡುವುದೂ ಅವರವರ ಇಷ್ಟ. ಬೇಕೆಂದು ಹೋದದ್ದಲ್ಲ, ಓದದೆ ಹೋದದ್ದು. ತಿಂಡಿ, ಊಟ, ಕಾಫಿ, ಐಸ್‌ಕ್ರೀಮ್ ಎಲ್ಲ ಸೇರಿದೆ ಎಂಬಲ್ಲಿಯವರೆಗೆ ಓದಿದೆ. ಐಸ್‌ಕ್ರೀಮ್ ಕಂಡದ್ದೇ ಬೆರಳು ಒತ್ತಿಬಿಟ್ಟೆ. ಬಟ್ಟೆಯ ವಿಷಯ ಮುಂದಿನ ಸಾಲಿನಲ್ಲಿತ್ತು.

ಇಷ್ಟು ದೊಡ್ಡ ಸಂಗತಿಯನ್ನು ಯಾರಾದರೂ ಓದದೆ ಬಿಡುತ್ತಾರೆಯೇ ಎಂದು ನೀವು ಕೇಳಬಹುದು. ನೀವು ಕುವೈತ್‌ನಲ್ಲಿದ್ದರೆ ಕೇಳುತ್ತಿರಲಿಲ್ಲ. ನಾವು ಇಲ್ಲಿಂದ ಯುರೋಪಿಗೆ ಹೋಗುವ ಕ್ರಮವೇ ಬೇರೆ. ಮೊದಲು ವೀಸಾ ಅರ್ಜಿಗೆ ಲಗತ್ತಿಸಲು ಯಾವುದಾದರೊಂದು ಹೋಟೆಲ್ ಬುಕ್ ಮಾಡುತ್ತೇವೆ. ವೀಸಾ ಕೈಗೆ ಬಂದ ಮೇಲೆ ಅದನ್ನು ರದ್ದು ಮಾಡಿ, ನಿಜವಾಗಿ ಉಳಿಯುವ ಹೋಟೆಲನ್ನು ಹುಡುಕುತ್ತೇವೆ. ಹಾಗಾಗಿ ಮೊದಲನೆಯ ಹೋಟೆಲಿಗೆ ಈಜುಕೊಳ ಉಂಟೋ, ಛಾವಣಿ ಉಂಟೋ ಎಂದು ಯಾರೂ ನೋಡುವುದಿಲ್ಲ. ನಾನೂ ನೋಡಲಿಲ್ಲ. ಅದರ ಮೇಲೆ, ರದ್ದು ಮಾಡುವ ಕೊನೆಯ ದಿನವನ್ನೂ ಮರೆತೆ. ಆ ವಾರ ಇಲ್ಲಿಯ ನಮ್ಮ ಊರವರ ಸಂಘದ ಕಾರ್ಯಕ್ರಮವಿತ್ತು, ನನ್ನ ಮಿಮಿಕ್ರಿ ಇತ್ತು, ತಲೆಯೊಳಗೆ ನನ್ನದಲ್ಲದ ಹನ್ನೊಂದು ಸ್ವರಗಳಿದ್ದವು.

ಮಿಮಿಕ್ರಿಯ ಬಗ್ಗೆ ಒಂದು ಮಾತು. ಕುವೈತ್‌ನ ಅರ್ದಿಯಾ ಎಂಬಲ್ಲಿ ಒಂದು ಗೋದಾಮಿನ ಆಫೀಸಿನಲ್ಲಿ ಕೂತು ಬಿಡಿಭಾಗಗಳ ಪಟ್ಟಿ ಮಾಡುವುದು ನನ್ನ ಉದ್ಯೋಗ. ಆದರೆ ಜನ ನನ್ನನ್ನು ಗುರುತಿಸುವುದು ಅವರನ್ನು ನಾನು ಅಣಕಿಸುವುದರಿಂದ. ನಮ್ಮ ಕುವೈತಿ ಮ್ಯಾನೇಜರು ಸಿಟ್ಟು ಬಂದಾಗ ತಲೆವಸ್ತ್ರದ ತುದಿಯನ್ನು ಹೆಗಲಿನ ಹಿಂದಕ್ಕೆ ಎಸೆಯುವ ರೀತಿ ನನಗೆ ಬರುತ್ತದೆ. ಸ್ಟೋರ್ ನೋಡಿಕೊಳ್ಳುವ ಉಳ್ಳಾಲದ ಹಮೀದಾಕ ಫೋನು ಎತ್ತುವ ಮೊದಲು ಪ್ಯಾಂಟನ್ನು ಮೇಲಕ್ಕೆಳೆದು ಬೆಲ್ಟು ಬಿಗಿ ಮಾಡುವುದೂ ಬರುತ್ತದೆ. ಎಲ್ಲಿಗೆ ಹೋಗಿ ಬಂದರೂ ಹಮೀದಾಕ ನನ್ನ ಹತ್ತಿರ ಖರ್ಜೂರ, ಚಾಕೊಲೇಟು ಕೇಳುವುದಿಲ್ಲ. "ಈ ಸಲ ಯಾರನ್ನು ತಂದೆ?" ಎಂದು ಕೇಳುತ್ತಾರೆ.

ನಾನು ಬಿಟ್ಟ ಆ ಮುಂದಿನ ಸಾಲನ್ನು ಓದಿದ್ದೂ ಹಮೀದಾಕನೇ. ಈದ್ ರಜೆಗೆ ಐದು ದಿನ ಇರುವಾಗ ನನ್ನ ಕಾಗದಗಳನ್ನು ತಿರುಗಿಸಿ ನೋಡುತ್ತಾ, ಕನ್ನಡಕವನ್ನು ಮೂಗಿನ ತುದಿಗೆ ತಂದರು.

"ಮಾರಾಯ, ಇದರಲ್ಲಿ ಬಟ್ಟೆ ಕಡ್ಡಾಯ ಇಲ್ಲ ಅಂತ ಉಂಟಲ್ಲ?"

"ಟೈ ಕಡ್ಡಾಯ ಇಲ್ಲ ಅಂತ ಇರ್ಬೇಕು ಹಮೀದಾಕ."

"ಟೈ ಅಲ್ಲ. ಎಲ್ಲ."

ಬೇರೆ ಹೋಟೆಲ್ ಹುಡುಕಿದೆ. ಈದ್ ರಜೆಗೆ ಆ ದ್ವೀಪದಲ್ಲಿ ಒಂದು ಕೋಣೆಯೂ ಉಳಿದಿರಲಿಲ್ಲ. "ಅಲ್ಲಿಯ ಏರ್‌ಪೋರ್ಟಿನಲ್ಲಿ ವೀಸಾ ಕಾಗದದ ಹೋಟೆಲನ್ನೇ ಕೇಳ್ತಾರೆ. ಬೇರೆ ಹೆಸರು ಹೇಳಿದ್ರೆ ಖಲಾಸ್," ಎಂದು ಹಮೀದಾಕ ಹೆದರಿಸಿದರು. ಆಮೇಲೆ ಪಾಪ ಎನಿಸಿ ಸಮಾಧಾನವನ್ನೂ ಹೇಳಿದರು. "ಹೋಗು. ಕಣ್ಣು ತಟ್ಟೆಯ ಮೇಲೆ ಇಡು. ತಿನ್ನು. ಬಾ. ನಾನು ಯಾರಿಗೂ ಹೇಳುದಿಲ್ಲ."

ಉಳಿದದ್ದು ಸೌಮ್ಯಾಗೆ ಹೇಳುವುದು. ಇಲ್ಲಿ ಅವಳ ಕಥೆ ಸ್ವಲ್ಪ ಹೇಳಬೇಕು. ಅವಳು ಸುರತ್ಕಲ್‌ನವಳು, ಮನೆಯಿಂದ ಕಡಲಿಗೆ ಐದು ನಿಮಿಷ. ಆದರೂ ಹುಟ್ಟಿದಂದಿನಿಂದ ನೀರು ಅವಳ ಹಿಮ್ಮಡಿಯಿಂದ ಮೇಲಕ್ಕೆ ಬಂದದ್ದಿಲ್ಲ. ಚಿಕ್ಕವಳಿದ್ದಾಗ ಅಮ್ಮ ಬಿಡಲಿಲ್ಲ, ದೊಡ್ಡವಳಾದ ಮೇಲೆ ಅವಳೇ ತನ್ನನ್ನು ಬಿಡಲಿಲ್ಲ. ಯಾರಾದರೂ ನೋಡಿದರೆ? ನಾವಿರುವ ಫಿಂಟಾಸ್‌ನ ಮನೆಯ ಬಾಲ್ಕನಿಯಿಂದಲೂ ಕಡಲು ಕಾಣುತ್ತದೆ. ಇಲ್ಲಿಯ ಹೆಂಗಸರು ಉದ್ದನೆಯ ಕಪ್ಪು ಅಬಾಯಾ ಹಾಕಿಕೊಂಡೇ ನೀರಿಗಿಳಿದು, ಮಕ್ಕಳಿಗಿಂತ ಜೋರಾಗಿ ನಗುತ್ತಾರೆ. ಅವರಿಂದ ಅವಳಿಗೆ ತೊಂದರೆಯಿಲ್ಲ. ತೊಂದರೆ ನಮ್ಮವರದ್ದು. ಫಿಂಟಾಸ್‌ನ ದಂಡೆಯಲ್ಲಿ ಶುಕ್ರವಾರ ಎದುರಾಗುವ ಹತ್ತು ಜನರಲ್ಲಿ ಒಬ್ಬರಿಗಾದರೂ ಅವಳ ದೊಡ್ಡಮ್ಮನ ಫೋನ್ ನಂಬರು ಗೊತ್ತು. ಬಂದ ಹೊಸತರಲ್ಲಿ ಮೈತುಂಬ ಮುಚ್ಚುವ ಈಜುಡುಗೆಯೊಂದನ್ನು ಕೊಂಡಿದ್ದಳು. ಅದು ಒಂದೂವರೆ ವರ್ಷದಿಂದ ಕಪಾಟಿನಲ್ಲಿ, ಅಂಗಡಿಯ ಚೀಟಿಯ ಸಮೇತ ಮಲಗಿತ್ತು. ಈ ಪ್ರವಾಸದಲ್ಲಿ ಆ ಚೀಟಿ ಕೀಳಬೇಕು ಎಂಬುದೊಂದೇ ಅವಳ ಆಸೆ. ನಾನು ಅದಕ್ಕೆ ಎಂಥ ಜಾಗ ಹುಡುಕಿದ್ದೆ ನೋಡಿ.

ವಿಷಯವನ್ನು ಮ್ಯಾನೇಜರರ ಸ್ವರದಲ್ಲಿ ಶುರುಮಾಡಿ ಹಮೀದಾಕನ ಸ್ವರದಲ್ಲಿ ಮುಗಿಸಿದೆ. ಅವಳು ನಗಲಿಲ್ಲ. "ಈಗ ನಿಮ್ಮ ಸ್ವರದಲ್ಲಿ ಹೇಳಿ," ಎಂದಳು. ಹೇಳಿದೆ. ಅವಳು ಕೇಳಿದ್ದು ಒಂದೇ ಪ್ರಶ್ನೆ.

"ಅಲ್ಲಿ ಮಂಗಳೂರಿನವರು ಯಾರಾದ್ರೂ ಇರ್ತಾರಾ?"

"ಇರ್ಲಿಕ್ಕಿಲ್ಲ."

"ಹಾಗಾದ್ರೆ ಹೋಗುವ."

ಹೋದೆವು. ಏರ್‌ಪೋರ್ಟಿನಲ್ಲಿ ಹೋಟೆಲಿನ ಹೆಸರನ್ನು ಯಾರೂ ಕೇಳಲಿಲ್ಲ; ನಾನೇ ಹೇಳಲು ಹೋದಾಗ ಅಧಿಕಾರಿ ಮುಂದಿನವರನ್ನು ಕರೆದ. ರೆಸಾರ್ಟಿನ ಸ್ವಾಗತದಲ್ಲಿದ್ದ ಹುಡುಗಿ ಮೈತುಂಬ ಸಮವಸ್ತ್ರ ಹಾಕಿಕೊಂಡಿದ್ದಳು. ಅದನ್ನು ನೋಡಿ ಹಮೀದಾಕ ತಪ್ಪು ಓದಿರಬೇಕು ಎಂದು ಧೈರ್ಯ ತಂದುಕೊಂಡೆ. ಆ ಧೈರ್ಯ ಊಟದ ಕೋಣೆಯವರೆಗೆ ಬಂತು. ಅಲ್ಲಿ ನನ್ನ ಮುಂದೆ ಸಾಲಿನಲ್ಲಿ ನಿಂತಿದ್ದ ಹಿರಿಯರೊಬ್ಬರು ಇಕ್ಕಳದಲ್ಲಿ ಕಲ್ಲಂಗಡಿ ಹೋಳುಗಳನ್ನು ಎತ್ತಿಕೊಳ್ಳುತ್ತಿದ್ದರು. ಕೈಯಲ್ಲಿ ತಟ್ಟೆಯಿತ್ತು, ಹೆಗಲ ಮೇಲೆ ಟವೆಲ್ ಇತ್ತು, ವಿವರಿಸಲು ಬೇರೇನೂ ಇರಲಿಲ್ಲ. ನಾನು ಕಣ್ಣನ್ನು ಕಲ್ಲಂಗಡಿಯ ಮೇಲಿಟ್ಟೆ. ಮುಂದಿನ ನಾಲ್ಕು ದಿನ ನಾನು ನೋಡಿದಷ್ಟು ಕಲ್ಲಂಗಡಿಯನ್ನು ಅದನ್ನು ಬೆಳೆದವನೂ ನೋಡಿರಲಾರ.

ನನ್ನ ಕಷ್ಟ ನಾಚಿಕೆ ಒಂದೇ ಆಗಿರಲಿಲ್ಲ. ನನ್ನ ವಿದ್ಯೆಯೇ ಅಲ್ಲಿ ಕೈಕೊಟ್ಟಿತು. ಮಿಮಿಕ್ರಿ ಮಾಡುವವನಿಗೆ ನೋಡುವುದೇ ಕೆಲಸ. ಧೈರ್ಯ ಮಾಡಿ ಓರೆಗಣ್ಣಿನಲ್ಲಿ ನೋಡಿದರೂ ಹಿಡಿದುಕೊಳ್ಳಲು ಏನೂ ಸಿಗಲಿಲ್ಲ. ಎಳೆಯಲು ಬೆಲ್ಟಿಲ್ಲ, ಎಸೆಯಲು ತಲೆವಸ್ತ್ರವಿಲ್ಲ, ಕೈ ಇಡಲು ಜೇಬಿಲ್ಲ. ಬ್ಯಾಂಕಿನ ದೊಡ್ಡವನೂ ಬಸ್ಸಿನ ಚಾಲಕನೂ ಒಂದೇ ಥರ ನಿಂತುಕೊಂಡು ಕಡಲು ನೋಡುತ್ತಿದ್ದರು. ಹದಿನೈದು ವರ್ಷ ನಾನು ಜನರನ್ನು ಅಣಕಿಸಿದ್ದೇನೆ ಅಂದುಕೊಂಡಿದ್ದೆ. ಅಣಕಿಸಿದ್ದು ಬರೀ ಅವರ ಬಟ್ಟೆಗಳನ್ನು.

ಇನ್ನು ನನ್ನ ವೇಷ. ಎರಡನೇ ದಿನ ಬೆಳಿಗ್ಗೆ ನಾನು ಕಡಲತೀರಕ್ಕೆ ಹೋದದ್ದು ಕುತ್ತಿಗೆಯವರೆಗೆ ಗುಂಡಿ ಹಾಕಿದ ಬಿಳಿ ಅಂಗಿ, ಕಪ್ಪು ಪ್ಯಾಂಟು, ಕಾಲುಚೀಲ, ಬೂಟು ಹಾಕಿಕೊಂಡು. ಅಕ್ಕಪಕ್ಕದವರು ಬಿಚ್ಚಿದ್ದನ್ನೂ ನಾನೇ ಹಾಕಿಕೊಂಡ ಹಾಗೆ ಕಾಣುತ್ತಿದ್ದೆ ಎಂದು ಸೌಮ್ಯಾ ಆಮೇಲೆ ಹೇಳಿದಳು. ಆ ತೀರದಲ್ಲಿ ಹಾಗೆ ಪೂರ್ತಿ ಬಟ್ಟೆ ಹಾಕುವವರು ಒಂದೇ ಪಂಗಡದವರು, ಹೋಟೆಲಿನ ಸಿಬ್ಬಂದಿ. ಐದು ನಿಮಿಷದಲ್ಲಿ ಒಬ್ಬರು ನನ್ನನ್ನು ಕರೆದು ಎರಡು ಕಾಫಿ ಕೇಳಿದರು. ನಾನು ಅತಿಥಿ ಎಂದು ಹೇಳಬೇಕಾದರೆ ಅವರನ್ನು ನೋಡಬೇಕು. ನೋಡುವುದಕ್ಕಿಂತ ಕಾಫಿ ತರುವುದು ಸುಲಭ. ತಂದುಕೊಟ್ಟೆ. ಅದನ್ನು ಕಂಡು ಇನ್ನೊಬ್ಬರು ಕೊಡೆ ತಿರುಗಿಸಲು ಹೇಳಿದರು. ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಟವೆಲ್ ಕೇಳಿದರು. ಆಕಾಶ ನೋಡುತ್ತಾ ಹಿಂದುಹಿಂದಕ್ಕೆ ನಡೆದುಕೊಂಡು ಹೋಗಿ ಕೊಟ್ಟೆ, ಹೋಗುವಾಗ ಇನ್ನೊಬ್ಬರ ಮರಳಿನ ಕೋಟೆಯನ್ನು ಮೆಟ್ಟಿದೆ.

ಸೌಮ್ಯಾ ನಗಲು ಶುರುಮಾಡಿದಳು. ಚೂಡಿದಾರದ ದುಪಟ್ಟಾ ಬಾಯಿಗೆ ತುರುಕಿಕೊಂಡರೂ ನಿಲ್ಲಲಿಲ್ಲ. ಅಜ್ಜಿ ಕಾರಣ ಕೇಳಿದರು, ಇವಳು ಇಂಗ್ಲಿಷಿನಲ್ಲಿ ಹೇಳಿದಳು, ಇಬ್ಬರೂ ಸೇರಿ ನಕ್ಕರು. ಆಮೇಲೆ ಅಜ್ಜಿ ಟವೆಲ್ ಸುತ್ತಿಕೊಂಡು ಅವಳಿಗೆ ಏನೋ ಹೇಳಿ ನೀರಿನ ಕಡೆ ಕೈ ತೋರಿಸಿದರು. ಮೊದಲ ದಿನ ಎಲ್ಲರೂ ಹೀಗೆಯೇ ಹೆದರುತ್ತಾರಂತೆ, ನೀರು ಬೆಚ್ಚಗಿದೆಯಂತೆ, ಬೇಕಾದ್ದು ಹಾಕಿಕೊಂಡು ಬರಬಹುದಂತೆ. ಸೌಮ್ಯಾ ಕೋಣೆಗೆ ಹೋದಳು. ಬರುವಾಗ ಈಜುಡುಗೆಯ ಚೀಟಿಯನ್ನು ನನ್ನ ಕೈಯಲ್ಲಿಟ್ಟಳು. ಹಲ್ಲಿನಿಂದ ಕಡಿದ ಗುರುತಿತ್ತು.

ಹಿಮ್ಮಡಿ, ಮೊಣಕಾಲು, ಸೊಂಟ. ಎದೆಮಟ್ಟದ ನೀರಿನಲ್ಲಿ ಅವಳು ನಿಂತಾಗ ನಾನು ಸುತ್ತಲೂ ನೋಡಿದೆ. ಮೊದಲ ಬಾರಿಗೆ ತಲೆಯೆತ್ತಿ, ಎಲ್ಲರನ್ನೂ. ಒಬ್ಬರು ಪುಸ್ತಕ ಓದುತ್ತಿದ್ದರು, ಒಬ್ಬರು ನಿದ್ದೆ ಮಾಡುತ್ತಿದ್ದರು, ಕಲ್ಲಂಗಡಿಯ ಹಿರಿಯರು ಕಲ್ಲಂಗಡಿ ತಿನ್ನುತ್ತಿದ್ದರು. ಅವಳ ಕಡೆ ಯಾರ ಲಕ್ಷ್ಯವೂ ಇರಲಿಲ್ಲ. ಸಂಜೆಯವರೆಗೂ ಅವಳು ಮೇಲೆ ಬರಲಿಲ್ಲ. ನಾನು ಇನ್ನೂ ಮೂರು ಕಾಫಿ ಕೊಟ್ಟೆ.

ಹಿಂತಿರುಗಿದ ಮೇಲೆ ಹಮೀದಾಕ ಎಂದಿನಂತೆ ಕೇಳಿದರು, "ಯಾರನ್ನು ತಂದೆ?"

"ಯಾರನ್ನೂ ತರ್ಲಿಕ್ಕೆ ಆಗ್ಲಿಲ್ಲ ಹಮೀದಾಕ."

"ಅಷ್ಟು ದೂರ ಹೋಗಿ?" ಎಂದು ಬೆಲ್ಟು ಬಿಗಿ ಮಾಡಿಕೊಂಡರು. ಅದನ್ನು ಕಂಡು ನನಗೆ ಊರಿಗೆ ಬಂದಷ್ಟು ಸಂತೋಷವಾಯಿತು.

ಹೋದ ಶುಕ್ರವಾರ ಸಂಜೆ ಫಿಂಟಾಸ್‌ನ ದಂಡೆಗೆ ಹೋದೆವು. ಚಾಪೆಗಳು, ಚಹಾದ ಫ್ಲಾಸ್ಕುಗಳು, ಇದ್ದಿಲಿನ ಹೊಗೆ. ಸೌಮ್ಯಾ ಚಪ್ಪಲಿ ಕಳಚಿ ನನ್ನ ಕೈಗೆ ಕೊಟ್ಟು, ಅದೇ ಈಜುಡುಗೆಯಲ್ಲಿ ನೀರಿಗಿಳಿದಳು. ನನಗೂ ಖುಷಿಯೇ. ಆದರೆ ಅಷ್ಟರಲ್ಲಿ ನಡಿಗೆಯ ದಾರಿಯಲ್ಲಿ ಪರಿಚಯದ ಇಬ್ಬರು ಬರುವುದು ಕಂಡಿತು. ಸಂಘದವರು, ಸುರತ್ಕಲ್ ಕಡೆಯವರು, ದೊಡ್ಡಮ್ಮನ ನಂಬರು ಇರುವವರು. ನನ್ನ ಗಂಟಲಿನಿಂದ ಒಂದು ಸ್ವರ ಹೊರಟಿತು. ಅದು ಮ್ಯಾನೇಜರರದ್ದಲ್ಲ, ಹಮೀದಾಕನದ್ದೂ ಅಲ್ಲ. ನನ್ನ ಅತ್ತೆಯದ್ದು, ಅದೂ ನಾನು ಅಭ್ಯಾಸವೇ ಮಾಡದೆ.

"ಸೌಮ್ಯಾ, ಸಾಕು, ಮೇಲೆ ಬಾ. ಜನ ನೋಡ್ತಾರೆ."

ಅವಳು ಅಲ್ಲಿಂದಲೇ ತಿರುಗಿದಳು.

"ಅಲ್ಲಿ ಬಟ್ಟೆ ಹಾಕದವರೂ ನನ್ನನ್ನು ನೋಡ್ಲಿಲ್ಲ, ಇಲ್ಲಿ ಹಾಕಿದವರೂ ನೋಡುದಿಲ್ಲ. ಎರಡೂ ಕಡೆ ನೋಡ್ತಾ ನಿಂತದ್ದು ನೀವೊಬ್ರೇ ಮಾರಾಯ್ರೆ. ಬರುದಾದ್ರೆ ನೀರಿಗೆ ಬನ್ನಿ, ಇಲ್ಲದಿದ್ರೆ ಚಪ್ಪಲಿ ಹಿಡ್ಕೊಂಡು ಸುಮ್ನೆ ನಿಲ್ಲಿ."