ಟ್ರಂಕಿನ ಮೇಲಿನ ಷಡ್ಡಕ

ನನ್ನ ಷಡ್ಡಕನಿಗೆ ಕುರ್ಚಿಯ ಮೇಲೆ ಕೂಡಲು ಬರುತ್ತಿರಲಿಲ್ಲ! ನಂಬುತ್ತೀರಾ? ಫೋರ್ಟಿನ ಏರ್‌ಕಂಡೀಷನ್ ಆಫೀಸಿನಲ್ಲಿ ತಿರುಗುವ ಕುರ್ಚಿ ಇಟ್ಟುಕೊಂಡಿದ್ದ ಮನುಷ್ಯ, ಘಾಟ್ಕೋಪರದ ಚಾಳಿನಲ್ಲಿದ್ದ ನಮ್ಮ ಒಂದೇ ಕೋಣೆಯ ಮನೆಗೆ ಬಂದರೆ ಸೀದಾ ಕಬ್ಬಿಣದ ಟ್ರಂಕಿನ ಮೇಲೆ ಕೂಡುತ್ತಿದ್ದ. ನಮ್ಮಲ್ಲಿದ್ದದ್ದು ಒಂದೇ ಕುರ್ಚಿ, ಬೆತ್ತದ್ದು, ನನ್ನದು. ಎಷ್ಟು ಕರೆದರೂ ಅವನಿಗೆ ಟ್ರಂಕೇ ಆರಾಮ.

ಅವನ ಕೆಲಸವೇನು ಸಣ್ಣದೆ? ನಮ್ಮಂಥ ಬಡದೇಶಗಳ ಖಾಸಗಿ ಕಾರ್ಖಾನೆಗಳಿಗೆ ಸಾಲ ಕೊಡುವ, ಕೆಲವೊಮ್ಮೆ ಪಾಲು ಬಂಡವಾಳವನ್ನೂ ಹಾಕುವ ಪರದೇಶದ ಸಂಸ್ಥೆಯೊಂದಿತ್ತು. ಅದರ ಸಾಹೇಬರು ವಿಮಾನದಿಂದ ಇಳಿದರೆ ಇವನೇ ಅವರನ್ನು ಕಾರ್ಖಾನೆಗಳಿಗೆ ಕರೆದೊಯ್ದು, ಯಾವುದು ಕಾಲೂರಿ ನಿಂತೀತು ಎಂದು ಹೇಳಬೇಕು. ನಾನೋ ರೈಲ್ವೆ ಗುಮಾಸ್ತ. ನನ್ನನ್ನು ಹುಡುಕಿಕೊಂಡು ಬರುತ್ತಿದ್ದವರು ಪಾರ್ಸಲ್ ಕಳೆದುಕೊಂಡವರು ಮಾತ್ರ. ಹೊಟ್ಟೆ ಉರಿಯದೆ ಇನ್ನೇನಾದೀತು?

ಕಾರ್ಖಾನೆಗೆ ಕೇಳುವ ಪ್ರಶ್ನೆಯನ್ನೇ ಆತ ಮನುಷ್ಯರಿಗೂ ಕೇಳುತ್ತಿದ್ದ. ನನ್ನ ತಂಗಿಯನ್ನು ನೋಡಲು ಮಲಾಡಿನಿಂದ ವರ ಬಂದಾಗ, ಹತ್ತು ವರ್ಷ ಆದಮೇಲೆ ನಿಮ್ಮ ಸ್ಥಿತಿ ಏನು ಎಂದು ಟ್ರಂಕಿನ ಮೇಲಿಂದಲೇ ವಿಚಾರಿಸಿದ. ವರ ಉಪ್ಪಿಟ್ಟು ಅರ್ಧಕ್ಕೆ ಬಿಟ್ಟು ಎದ್ದ! ಈಗಾದರೂ ಇವನ ಮಾನ ಹೋಯಿತು ಎಂದು ನನಗೆ ಒಳಗೊಳಗೇ ಹಿಗ್ಗು. ಆದರೆ ಆ ವರನ ನೌಕರಿ ವರ್ಷದೊಳಗೆ ಹೋಯಿತೆಂಬ ಸುದ್ದಿ ಬರಬೇಕೆ? ನಮ್ಮ ಭಾವನವರ ಕಣ್ಣೆಂದರೆ ಕಣ್ಣು ಎಂದು ನನ್ನ ಹೆಂಡತಿ ಚಾಳಿಗೆಲ್ಲ ಸಾರಿದಳು.

ಟ್ರಂಕಿನ ಗುಟ್ಟು ನನಗೆ ಗೊತ್ತಿತ್ತು. ಬಡವರ ಕುರ್ಚಿ ದೊಡ್ಡವರಿಗೆ ಒಗ್ಗುವುದಿಲ್ಲ, ಅಷ್ಟೆ.

ಆಮೇಲೆ ನನಗೆ ವಿಷಮಜ್ವರ ಬಂತು. ಆತ ದಿನಾ ಬೊರಿವಲಿಯ ತನ್ನ ಮನೆಯಿಂದ ಹೊರಟು ದಾದರಿನಲ್ಲಿ ಲೋಕಲ್ ಬದಲಿಸಿ ಬರತೊಡಗಿದ. ಡಾಕ್ಟರನ್ನು ಕರೆತಂದ, ರೇಷನ್ ತಂದ, ಮಕ್ಕಳಿಗೆ ಪಾಠ ಹೇಳಿದ. ಹೆಂಡತಿ ಎಲ್ಲದಕ್ಕೂ ಅವನನ್ನೇ ಕೇಳತೊಡಗಿದಳು. ನಾನು ಮಲಗಿದಲ್ಲಿಂದಲೇ ಕುರ್ಚಿ ಕಾಯುತ್ತಿದ್ದೆ. ಇವತ್ತು ಕೂಡುತ್ತಾನೆ, ನಾಳೆ ಕೂಡುತ್ತಾನೆ! ಕೂತನೆಂದರೆ ಈ ಮನೆಯಲ್ಲಿ ನನ್ನ ಕತೆ ಮುಗಿದ ಹಾಗೆಯೇ.

ಕಡೆಗೊಂದು ದಿನ ಹೆಂಡತಿಯೇ ಕುರ್ಚಿ ಎಳೆದು ಅವನ ಮುಂದಿಟ್ಟಳು. ಆತ ಟ್ರಂಕಿನಿಂದ ಅಲುಗಲಿಲ್ಲ. ನನಗೆ ತಡೆಯಲಾಗದೆ, ನಮ್ಮ ಕುರ್ಚಿ ಏನು ಪಾಪ ಮಾಡಿದೆ ಎಂದು ಕೇಳಿಯೇಬಿಟ್ಟೆ.

"ನಮ್ಮ ಧಂದೇದಾಗ ಒಂದು ಪದ್ಧತಿ ಅದರಿ," ಎಂದ. "ರೊಕ್ಕಾ ಹಾಕಬೇಕು, ಬಾಜೂಕ ಕೂಡಬೇಕು. ಮಾಲಕನ ಕುರ್ಚ್ಯಾಗ ಮಾತ್ರ ಕೂಡಬಾರದು. ನಾವು ಕೂತ್ರ ಅಂವಾ ಮತ್ತ ಏಳೂದಿಲ್ಲ."

ನಾನು ಗೋಡೆಯ ಕಡೆ ಹೊರಳಿದೆ. ಕಣ್ಣಲ್ಲಿ ನೀರು ಬಂದಿತ್ತು. ಅದನ್ನೂ ಅವನಿಗೆ ತೋರಿಸುವುದೆ?

ನಾನು ಗೋಡೆ ಹಿಡಿದು ನಡೆದು ಬಂದು ಕುರ್ಚಿಯಲ್ಲಿ ಕೂತ ದಿನ ಆತ ಎದ್ದು ಚಪ್ಪಲಿ ಮೆಟ್ಟಿದ. ಕಾರ್ಖಾನೆ ತನ್ನ ಕಾಲ ಮೇಲೆ ತಾನು ನಿಂತಿತೆಂದರೆ ಅವನ ಸಾಹೇಬರೂ ತಮ್ಮ ಪಾಲು ಮಾರಿ ಹೀಗೆಯೇ ಹೊರಡುತ್ತಾರಂತೆ. ಮರುದಿನ ಬರಲಿಲ್ಲ, ಅದರ ಮರುದಿನವೂ ಇಲ್ಲ. ಹೆಂಡತಿ ಒಗೆದ ಬಟ್ಟೆ ತಂದು ಟ್ರಂಕಿನ ಮೇಲೆ ಇಡಹೋದಳು.

"ಅಲ್ಲಿ ಬ್ಯಾಡ," ಎಂದೆ. "ಅದು ಅವರ ಜಾಗಾ."