ಅಧ್ಯಕ್ಷರ ದಾರಿಯ ಅರವತ್ತು ಕುಂಡಗಳು

ಛೇದಿಲಾಲ್ ಚಹಾ ಕುಡಿಯಲು ಹೋದದ್ದು ಹನ್ನೆರಡು ಹೆಜ್ಜೆ ದೂರ. ಕುಡಿದದ್ದು ಅರ್ಧ ಲೋಟ. ಅಷ್ಟರಲ್ಲಿ ಒಂದು ಹೂಕುಂಡ ಮಾಯವಾಗಿತ್ತು.

ಎಣಿಸಿದ. ಕೆಂಪು ಇಪ್ಪತ್ತು, ಬಿಳಿ ಇಪ್ಪತ್ತು, ಹಳದಿ ಹತ್ತೊಂಬತ್ತು. ಬಲದಿಂದ ಎಣಿಸಿದರೂ ಹತ್ತೊಂಬತ್ತು, ಎಡದಿಂದ ಎಣಿಸಿದರೂ ಹತ್ತೊಂಬತ್ತು. ದೊಡ್ಡವರ ಲೆಕ್ಕ ಬೇಕಾದ ಹಾಗೆ ಬಾಗುತ್ತದೆ. ಬಡವನ ಲೆಕ್ಕ ಮಾತ್ರ ಹಟಮಾರಿ ಕತ್ತೆ.

ಅಂದು ಮಧ್ಯಾಹ್ನ ಹನ್ನೆರಡಕ್ಕೆ ದೆಹಲಿಯ ಆ ಗೋಲ್‌ಚಕ್ಕರ್ ವೃತ್ತವನ್ನು ಬಳಸಿಕೊಂಡು ಒಂದು ಪರದೇಶದ ಅಧ್ಯಕ್ಷರು ಹೋಗುವವರಿದ್ದರು. ಯಾವ ದೇಶವೋ ಛೇದಿಲಾಲನಿಗೆ ಗೊತ್ತಿಲ್ಲ. ಅವರ ಬಾವುಟ ಕೆಂಪು, ಹಳದಿ, ಬಿಳಿ ಎಂದಷ್ಟೇ ಗೊತ್ತು. ತೋಟದ ವಿಭಾಗದ ಹೂಡಾ ಸಾಹೇಬರು ಹಿಂದಿನ ದಿನವೇ ಅರವತ್ತು ಕುಂಡಗಳನ್ನು ಅದೇ ಸರದಿಯಲ್ಲಿ ಇಡಿಸಿ, ಕಾಯುವ ಮಾಲಿ ಇವನೇ ಎಂದು ಇವನ ಸಹಿ ತೆಗೆದುಕೊಂಡಿದ್ದರು. ಪ್ರತಿ ಕುಂಡದ ತಳದಲ್ಲಿ ಬಿಳಿ ಬಣ್ಣದಲ್ಲಿ ಇಸವಿ, ಸಂಖ್ಯೆ.

"ನೋಡು ಛೇದಿ, ಹದಿನೇಳು ವರ್ಷದಿಂದ ದಿನಗೂಲಿ ದಿನಗೂಲಿ ಅಂತ ನನ್ನ ತಲೆ ತಿಂತಿದ್ದೀಯ. ನಿನ್ನ ಖಾಯಂ ಫೈಲು ನನ್ನ ಮೇಜಿನ ಮೇಲೇ ಇದೆ. ನಾಳೆ ಸಂಜೆ ಅರವತ್ತೂ ಎಣಿಸಿಕೊಡು, ನಿಂತ ಕಾಲಲ್ಲೇ ಸಹಿ ಹಾಕ್ತೀನಿ. ಒಂದು ಕಮ್ಮಿಯಾದ್ರೆ ನಾಡಿದ್ದಿಂದ ಬರಬೇಡ."

ಹೂಡಾ ಹಾಗೆ ಹೇಳಲು ಕಾರಣವಿತ್ತು. ಕೋಟಿ ರೂಪಾಯಿ ಕಾರಿನಿಂದ ಇಳಿದು ಇನ್ನೂರು ರೂಪಾಯಿ ಕುಂಡ ಎತ್ತಿಕೊಂಡು ಹೋಗುವ ಜನ ಆ ಬಡಾವಣೆಯವರು. ಅವರಿಗೆ ಅದು ಕಳ್ಳತನವಲ್ಲ, ಪ್ರಸಾದ.

"ಚಾಚಿ! ಹಳದಿ ಕುಂಡ ಯಾರು ಒಯ್ದರು?" ಛೇದಿಲಾಲ್ ಚಹಾ ಗಾಡಿಯ ಬಿಮಲಾ ಚಾಚಿಯತ್ತ ಓಡಿದ.

"ಬಿಳೀ ಕಾರು ಕಣೋ. ಡಿಕ್ಕಿ ತೆಗೀತು, ಮುಚ್ಚಿತು. ನಿಮ್ಮ ಆಫೀಸಿನೋರು ಅಂದ್ಕೊಂಡೆ."

"ಕೂಗಬಾರದಿತ್ತಾ?"

"ಅಷ್ಟು ದೊಡ್ಡ ಕಾರು ನೋಡಿ ಕೂಗೋಕೆ ನನಗೇನು ಹುಚ್ಚಾ? ನನ್ನ ಗಾಡಿಗೇ ಲೈಸೆನ್ಸ್ ಇಲ್ಲ."

ಬೆಂಚಿನ ಮೇಲೆ ಭಟ್ನಾಗರ್ ಸಾಹೇಬರು ಪತ್ರಿಕೆ ಓದುತ್ತಿದ್ದರು. ಎದುರು ಮನೆಯ ಮೊದಲ ಮಹಡಿಯಲ್ಲಿ ಒಬ್ಬರೇ ಇರುವವರು. ವಿದೇಶಾಂಗ ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ಲಕೋಟೆಗೆ ಅಂಟು ಹಚ್ಚಿ ನಿವೃತ್ತರಾಗಿದ್ದರು. ಪ್ರಪಂಚದ ಅರ್ಧ ಒಪ್ಪಂದಗಳು ತಮ್ಮ ಬೆರಳು ಸೋಕಿಯೇ ಹೋಗಿವೆ ಎಂಬ ಹೆಮ್ಮೆ ಅವರದು.

"ಯಾವ ಬಣ್ಣ ಹೋಯ್ತು?"

"ಹಳದಿ, ಸಾಹೇಬ್ರೇ."

ಭಟ್ನಾಗರ್ ಸಾವಿನ ಸುದ್ದಿ ಕೇಳಿದವರಂತೆ ಪತ್ರಿಕೆ ಮಡಚಿದರು. "ಹಳದಿ ಹೋದ್ರೆ ಪಕ್ಕಪಕ್ಕ ಏನುಳೀತು? ಕೆಂಪು, ಬಿಳಿ. ಅದು ಅವರ ಪಕ್ಕದ ದೇಶದ ಬಾವುಟ ಕಣಯ್ಯಾ! ಇಬ್ಬರಿಗೂ ಗಡಿ ಜಗಳ. ಈ ಮನುಷ್ಯ ಬಂದಿರೋದು ನಮಗೆ ಅಗ್ಗದ ಎಣ್ಣೆ ಕೊಡೋಕೆ, ನಮ್ಮ ಅಕ್ಕಿ ಮೇಲಿನ ಸುಂಕ ಇಳಿಸೋಕೆ. ಕಿಟಕೀಲಿ ಶತ್ರು ಬಾವುಟ ಕಂಡ್ರೆ ಸಹಿ ಹಾಕ್ತಾನಾ?"

"ಒಂದು ಕುಂಡಕ್ಕೆ ಇಷ್ಟೆಲ್ಲಾ ಆಗುತ್ತಾ?"

"ಇದಕ್ಕಿಂತ ಸಣ್ಣದಕ್ಕೆ ಯುದ್ಧಗಳಾಗಿವೆ."

ಬಿಮಲಾ ಚಾಚಿ ಸೌಟು ಕೆಳಗಿಟ್ಟಳು. "ಎಣ್ಣೆ ಅಗ್ಗವಾದ್ರೆ ಗ್ಯಾಸ್ ಸಿಲಿಂಡರೂ ಇಳಿಯುತ್ತಾ ಸಾಹೇಬ್ರೇ?"

"ಇಳೀಲೇಬೇಕು."

"ಮತ್ತೆ ಇನ್ನೂ ನಿಂತಿದ್ದೀಯಲ್ಲೋ ಛೇದಿ, ಓಡೋ!"

"ಎಲ್ಲಿಗೆ ಓಡಲಿ?" ಛೇದಿಲಾಲ್ ಎದುರು ಮನೆಯತ್ತ ನೋಡಿದ. "ಸಾಹೇಬ್ರೇ, ನಿಮ್ಮ ಬಾಲ್ಕನೀಲಿ ಹಳದಿ ಚೆಂಡುಹೂವಿನ ಕುಂಡ ಇದೆಯಲ್ಲ..."

ಭಟ್ನಾಗರರ ಮುಖ ಬಾಡಿದ ಬದನೆಕಾಯಿಯಾಯಿತು. "ಅದು... ಅದು ಬೇರೆ ತಳಿ. ನೀನು ಕೊಛ್ಛರ್ ಮೇಡಂ ಹತ್ತಿರ ಹೋಗು. ನಿವಾಸಿಗಳ ಸಂಘದ ಅಧ್ಯಕ್ಷೆ. ಉಳಿದದ್ದನ್ನ ನಾವು ಕಾಯ್ತೀವಿ."

ಕೊಛ್ಛರ್ ಮೇಡಂ ಎಲ್ಲ ಕೇಳಿ ಕಣ್ಣು ಒರೆಸಿಕೊಂಡರು. "ಪಾಪ ಛೇದಿಲಾಲ್! ಈ ಜನಕ್ಕೆ ನಾಚಿಕೆಯೇ ಇಲ್ಲ ನೋಡು. ಕುಂಡ ಕೊಡ್ತೀನಪ್ಪಾ, ದೇಶದ ಮಾನದ ಪ್ರಶ್ನೆ. ಹೇಗೂ ಬಂದಿದ್ದೀಯ, ಈ ಬೇಲಿ ಒಂಚೂರು ಕತ್ತರಿಸಿಬಿಡು."

ಒಂಚೂರು ಬೇಲಿ ಒಂದೂವರೆ ಗಂಟೆ ಹಿಡಿಯಿತು. ಆಮೇಲೆ ಹುಲ್ಲಿಗೆ ನೀರು. ಆಮೇಲೆ ನಾಯಿಗೂ ನೀರು. ಅಂತೂ ಹನ್ನೊಂದೂವರೆಗೆ ಹಿತ್ತಿಲಿನಿಂದ ಒಂದು ಹಳದಿ ಕುಂಡ ಬಂತು.

"ಇದು ಸಂಘದ ಕಾಣಿಕೆ ಅಂತ ನಿಮ್ಮ ಸಾಹೇಬ್ರಿಗೆ ಹೇಳು, ಮರೀಬೇಡ."

ಕುಂಡ ತಲೆಯ ಮೇಲಿಟ್ಟುಕೊಂಡು ಛೇದಿಲಾಲ್ ಓಡಿದ. ರಸ್ತೆಗೆ ಆಗಲೇ ಹಗ್ಗ ಕಟ್ಟಿತ್ತು.

"ನಿಲ್ಲೋ! ತಲೆ ಮೇಲೇನು?" ಪೇದೆ ಲಾಠಿ ಅಡ್ಡ ಹಿಡಿದ.

"ಹೂಕುಂಡ ಸರ್."

"ಕುಂಡದೊಳಗೇನು?"

"ಮಣ್ಣು ಸರ್."

"ಮಣ್ಣೊಳಗೇನು?"

"ಬೇರು ಸರ್."

"ಬೇರಿನ ಕೆಳಗೇನು?"

ಉತ್ತರಕ್ಕೆ ಕಾಯದೆ ಪೇದೆ ಕುಂಡವನ್ನು ದಬಾಕಿದ. ಪೊಲೀಸ್ ನಾಯಿ ಬಂದು ಮಣ್ಣು ಮೂಸಿ, ಒಪ್ಪಿಗೆಯ ಗುರುತಾಗಿ ಕಾಲೆತ್ತಿತು. ಆದರೆ ಛೇದಿಲಾಲ್ ನೋಡುತ್ತಿದ್ದದ್ದು ಕುಂಡದ ತಳವನ್ನು. ಬಿಳಿ ಬಣ್ಣದಲ್ಲಿ ಈ ವರ್ಷದ ಇಸವಿ, ಮುಂದೆ ಮೂವತ್ತೇಳು. ಅವನದೇ ಕುಂಡ! ಕೊಛ್ಛರ್ ಮೇಡಂ ಅಂಗಳದಲ್ಲಿ ನಿಂತಿದ್ದ ಬಿಳೀ ಕಾರು ಆಗ ನೆನಪಾಯಿತು. ತನ್ನ ಕುಂಡವನ್ನೇ ಬಿಡಿಸಿಕೊಳ್ಳಲು ಕದ್ದವರ ಬೇಲಿಯನ್ನೇ ಕತ್ತರಿಸಿ ಬಂದಿದ್ದ. ಹಿಂದಿರುಗಿ ಆ ಬೇಲಿಯನ್ನು ಬುಡಸಮೇತ ಕೀಳಬೇಕೆನ್ನಿಸಿತು. ಅಷ್ಟರಲ್ಲಿ ಸೈರನ್ ಕೇಳಿಸಿತು.

"ಇಟ್ಟು ಸಾಯೋ ಬೇಗ!" ಪೇದೆ ಕಿರುಚಿದ.

ಗಿಡ ತುರುಕಿ, ಮಣ್ಣು ತುಂಬಿ, ಯಾವ ಜಾಗ ಖಾಲಿಯೆಂದು ನೋಡಲೂ ಬಿಡುವಿಲ್ಲದೆ ಸಾಲಿನ ತುದಿಯಲ್ಲಿ ಇಟ್ಟು ಸರಿದ. ಹದಿನಾಲ್ಕು ಕಾರುಗಳು ಇಪ್ಪತ್ತು ಸೆಕೆಂಡಿನಲ್ಲಿ ಸರ್ರನೆ ಹೋದವು. ಎಲ್ಲಕ್ಕೂ ಕಪ್ಪು ಗಾಜು. ಒಳಗಿದ್ದವರು ಬಾವುಟ ನೋಡಿದರೋ, ನಿದ್ದೆ ಮಾಡಿದರೋ ದೇವರೇ ಬಲ್ಲ.

ಸಂಜೆ ಹೂಡಾ ಸಾಹೇಬರು ಲಾರಿ ತಂದರು. ಕಂಕುಳಲ್ಲಿ ಫೈಲೂ ಇತ್ತು. ಛೇದಿಲಾಲ್ ನಲ್ಲಿಯಲ್ಲಿ ಮುಖ ತೊಳೆದು, ಅಂಗಿಯ ಮೇಲಿನ ಗುಂಡಿಯನ್ನೂ ಹಾಕಿಕೊಂಡು ನಿಂತ.

"ಐವತ್ತೊಂಬತ್ತು, ಅರವತ್ತು..." ಹೂಡಾ ಪೆನ್ನಿನ ಮುಚ್ಚಳ ತೆಗೆದರು. "ಅರವತ್ತೊಂದು?"

ಮತ್ತೆ ಎಣಿಸಿದರು. ಅರವತ್ತೊಂದೇ.

"ಹೆಚ್ಚಾದ್ರೆ ಒಳ್ಳೇದೇ ಅಲ್ವಾ ಸಾಹೇಬ್ರೇ?"

"ಒಳ್ಳೇದಾ? ಕಮ್ಮಿಯಾಗಿದ್ರೆ ಮಂಗ ಒಡೆದು ಹಾಕ್ತು ಅಂತ ಬರೀತಿದ್ದೆ. ಹೆಚ್ಚಿಗೆ ಏನು ಬರೀಲಿ? ಕುಂಡ ಮರಿ ಹಾಕ್ತು ಅಂತ ಬರೀಲಾ?"

ಈ ಮಂಗನ ವಿಷಯ ನಿನ್ನೆಯೇ ಹೇಳಬಾರದಿತ್ತೇ ಎಂದು ಛೇದಿಲಾಲ್ ಅಂದುಕೊಳ್ಳುವಷ್ಟರಲ್ಲಿ ಭಟ್ನಾಗರ್ ಪಕ್ಕಕ್ಕೆ ಬಂದು ಕಿವಿಯಲ್ಲಿ ಪಿಸುಗುಟ್ಟಿದರು: "ನೀನು ಬರೋದು ತಡವಾಯ್ತು ನೋಡು, ಮನಸ್ಸು ತಡೀಲಿಲ್ಲ. ನನ್ನ ಕುಂಡಾನೇ ತಂದಿಟ್ಟೆ."

ಆ ಹೊತ್ತಿಗೆ ಬಿಳೀ ಕಾರು ಬಂದು ನಿಂತಿತು. ಕೊಛ್ಛರ್ ಮೇಡಂ ಗಾಜಿಳಿಸಿದರು. "ಹೂಡಾಜೀ, ಕೆಲಸ ಮುಗೀತಲ್ಲ, ನಮ್ಮ ಸಂಘದ ಕುಂಡ ವಾಪಸ್ ಕೊಡಿಸಿ. ಆ ತುದೀದು."

ಹೂಡಾ ಸಾಹೇಬರ ಮುಖ ಅರಳಿತು. "ಹೆಚ್ಚಿನದು ನಿಮ್ಮದಾ ಮೇಡಂ! ಮೊದಲೇ ಹೇಳಬಾರದಾ!" ತಾವೇ ಎತ್ತಿ ಡಿಕ್ಕಿಯಲ್ಲಿಟ್ಟು ಕೈಮುಗಿದರು.

ಮೂವತ್ತೇಳನೇ ಕುಂಡ ಎರಡನೇ ಸಲ ಅದೇ ಕಾರು ಹತ್ತಿದ್ದನ್ನು ಛೇದಿಲಾಲ್ ನೋಡಿದ. ಭಟ್ನಾಗರರ ಕುಂಡ ಇದೆ, ಎಣಿಕೆ ಅರವತ್ತಕ್ಕೆ ಬಂತು, ಇನ್ನೇನು ಬೇಕು?

ಹೂಡಾ ಫೈಲು ಬಿಚ್ಚಿ ಲಾರಿಯ ಮೇಲೆ ಹರಡಿದರು. ಪೆನ್ನು ಕಾಗದಕ್ಕೆ ತಾಗುವುದರಲ್ಲಿತ್ತು. ಕುಂಡಗಳ ತಳ ನೋಡಿ ಸಂಖ್ಯೆ ಕೂಗುತ್ತಿದ್ದ ಲಾರಿಯವನು ಹೇಳಿದ: "ಸಾಹೇಬ್ರೇ, ಮೂವತ್ತೇಳು ಇಲ್ಲ. ಇಲ್ಲೊಂದು ಹದಿನಾಲ್ಕು ಇದೆ, ಮೂರು ವರ್ಷದ ಹಿಂದಿನ ಇಸವಿ."

ಹೂಡಾ ನೆಗೆದು ಬಂದರು. "ಆ ದೊಡ್ಡ ಸಮ್ಮೇಳನದ ಕುಂಡ! ಇದೊಂದು ಕಳೆದದ್ದಕ್ಕೆ ನನ್ನ ಬಡ್ತಿ ನಿಂತಿದೆ! ಇಷ್ಟು ದಿನ ಎಲ್ಲಿತ್ತೋ ಇದು?"

ಛೇದಿಲಾಲ್ ಭಟ್ನಾಗರರತ್ತ ತಿರುಗಿದ. ಮುದುಕರು ಪತ್ರಿಕೆ ಬಿಡಿಸಿ ಅದರ ಹಿಂದೆ ಮುಖ ಮರೆಸಿಕೊಂಡಿದ್ದರು. ಪಿಂಚಣಿ ಬಿಟ್ಟರೆ ಅವರಿಗೆ ಬೇರೆ ಗತಿಯಿರಲಿಲ್ಲ. ಬೆಳಗಿನಿಂದ ಬೇಲಿ ಕತ್ತರಿಸು ಎನ್ನದೆ ಇವನಿಗೆ ನೆರವಾದವರೂ ಅವರೊಬ್ಬರೇ.

"ಗೊತ್ತಿಲ್ಲ ಸಾಹೇಬ್ರೇ," ಎಂದ.

"ಗೊತ್ತಿಲ್ವಾ? ಈ ವರ್ಷದ್ದು ಕಳೆದೆ, ಆ ವರ್ಷದ್ದು ಬಚ್ಚಿಟ್ಟೆ!" ಹೂಡಾ ಖಾಯಂ ಫೈಲು ಮುಚ್ಚಿ ಹೊಸದೊಂದು ತೆರೆದರು. "ವಿಚಾರಣೆ ಮುಗಿಯೋ ತನಕ ನಿನ್ನ ತೆಗೆಯೋಕೂ ಆಗಲ್ಲ, ಖಾಯಂ ಮಾಡೋಕೂ ಆಗಲ್ಲ."

"ಎಷ್ಟು ದಿನ ಹಿಡಿಯುತ್ತೆ ಸಾಹೇಬ್ರೇ?"

"ಹಾರೆ ಕಳೆದ ವಿಚಾರಣೆ ಹನ್ನೊಂದನೇ ವರ್ಷದಲ್ಲಿದೆ."

ಬಿಮಲಾ ಚಾಚಿ ಚಹಾ ತಂದುಕೊಟ್ಟಳು. ಸಿಲಿಂಡರ್ ಬೆಲೆಯೂ ಇಳಿದಿರಲಿಲ್ಲ. ಎಣ್ಣೆ ಒಪ್ಪಂದಕ್ಕೆ ಸಹಿ ಬಿದ್ದಿಲ್ಲ, ಮಾತುಕತೆ ಮುಂದುವರಿಯುತ್ತದೆಯೆಂದು ಸುದ್ದಿ ಬಂದಿತ್ತು.

ಲಾರಿ ಹತ್ತುತ್ತಾ ಹೂಡಾ ತಿರುಗಿ ಕೂಗಿದರು. "ನಾಳೆ ಬೇರೆ ದೇಶದ ಪ್ರಧಾನಿ ಬರ್ತಾರೆ. ಎಂಬತ್ತು ಕುಂಡ. ಕಾಯೋಕೆ ನಿನ್ನ ಹೆಸರೇ ಬರೆದಿದ್ದೀನಿ."

"ನನ್ನ ಮೇಲೆ ಕಳವಿನ ವಿಚಾರಣೆ ಇದೆಯಲ್ಲ ಸಾಹೇಬ್ರೇ?"

"ಅದಕ್ಕೇ ಕಣೋ. ಕಳೆದ್ರೆ ಹೊಸ ಫೈಲು ತೆರೆಯೋ ಕಷ್ಟ ಇಲ್ಲ."