ಕೆಮ್ಮಿಗೊಂದು ಹೊಗೆ, ಹೊಗೆಗೊಂದು ಕಾಯಿಲೆ

"ಹಾಗಾದ್ರೆ ಇನ್ಮೇಲೆ ಈ ಮನೆಗೆ ಡಾಕ್ಟರ್ ನೀವೇನಾ?" ಎಂದಳು ಮಸ್ತುರಾ, ಗಂಡನ ಬಟ್ಟಲಿಗೆ ಚಹಾ ಬಗ್ಗಿಸುತ್ತಾ.

"ನಾನೇ! ಅನುಮಾನವೇ ಬೇಡ!" ಹೋಶಿಮ್ ಫೋನನ್ನು ಎದೆಗೆ ಒತ್ತಿಕೊಂಡ. "ಪ್ರಪಂಚದ ವೈದ್ಯಶಾಸ್ತ್ರವೆಲ್ಲ ಈ ಅಂಗೈಯಲ್ಲಿದೆ ಕಣೇ. ಒಂದು ಕೆಮ್ಮಿಗೆ ಆಸ್ಪತ್ರೆ ಬೆಂಚು ಬಿಸಿ ಮಾಡೋಕೆ ನಾನೇನು ಮುದುಕನಾ? ಖೊಕ್! ಖೊಕ್!"

"ಅಂಗೈಯಲ್ಲಿರೋದನ್ನ ಸ್ವಲ್ಪ ಗಂಟಲಿಗೂ ಇಳಿಸ್ಕೊಳ್ಳಿ. ಇನ್ನೆರಡು ವಾರಕ್ಕೆ ನಿಮ್ಮ ತಂಗಿ ಮಗಳ ಮದುವೆ."

ಅದೇ ಫಜೀತಿ! ಅವರ ಊರು ಮರ್ಗಿಲಾನಿನಲ್ಲಿ ಮದುಮಗ ಬಾಗಿಲಿಗೆ ಬಂದನೆಂದರೆ ಕರ್ನಾಯ್ ಮೊಳಗಲೇಬೇಕು. ಆಳಿಗಿಂತ ಉದ್ದದ ಆ ಹಿತ್ತಾಳೆ ಕಹಳೆಯನ್ನು ಹೋಶಿಮನಂತೆ ಊದುವವರು ಇಡೀ ಬೀದಿಯಲ್ಲಿ ಇನ್ನೊಬ್ಬರಿಲ್ಲ. ಊರವರ ಮದುವೆಗೆಲ್ಲ ಊದಿದವನು, ತಾನೇ ಎತ್ತಿ ಆಡಿಸಿದ ಹುಡುಗಿಯ ಮದುವೆಯಲ್ಲಿ ಮೂಲೆಯಲ್ಲಿ ಕೂತು ಕೆಮ್ಮುವುದೇ? ಆ ಯೋಚನೆಗೇ ಅವನಿಗೆ ಎದೆ ಹಿಂಡಿದಂತಾಗುತ್ತಿತ್ತು. ಆ ಹಿಂಡುವಿಕೆಯನ್ನೂ ಫೋನಿನಲ್ಲಿ ಹುಡುಕಿದ!

ಶುರುವಾದದ್ದು ಒಂದು ಬಡಪಾಯಿ ನೆಗಡಿಯಿಂದ. ಅವನು ಮೊದಲ ಸಲ ಕೆಮ್ಮಿದ್ದೇ ತಡ, ತಾಯಿ ಇನೋಯತ್, "ಅಯ್ಯೋ, ನನ್ನ ಮಗೂಗೆ ಯಾರದೋ ಕಣ್ಣು ಬಿತ್ತು!" ಎನ್ನುತ್ತಾ ಎದ್ದರು. ಬಾಣಲೆಯಲ್ಲಿ ಕೆಂಡ, ಕೆಂಡದ ಮೇಲೆ ಒಣಗಿದ ಇಸಿರಿಕ್ ಸೊಪ್ಪು. ಭುಸ್ಸೆಂದು ಹೊಗೆ! ರೋಗ, ದೃಷ್ಟಿ, ಎದ್ದು ಹೋಗದ ನೆಂಟರು, ಎಲ್ಲವನ್ನೂ ಓಡಿಸುವ ಮಹಾ ಹೊಗೆ! ಚಳಿಗೆ ಕಿಟಕಿಗಳೆಲ್ಲ ಭದ್ರ ಮುಚ್ಚಿದ್ದವು. ಮಗ ಇನ್ನಷ್ಟು ಕೆಮ್ಮಿದ. "ನೋಡಿದ್ಯಾ, ಎಂಥಾ ಕೆಟ್ಟ ಕಣ್ಣು!" ಎಂದು ತಾಯಿ ಇನ್ನೊಂದು ಹಿಡಿ ಹಾಕಿದರು. ಮಗ ಮತ್ತೂ ಕೆಮ್ಮಿದ. ತಾಯಿ ಮತ್ತೂ ಹಾಕಿದರು.

ತೊಟ್ಟಿಲಿನಿಂದಲೂ ಮೂಗಿಗೆ ಒಗ್ಗಿದ ಹೊಗೆ ಅದು. ಅದರ ಮೇಲೆ ಅನುಮಾನಪಟ್ಟರೆ ಹೆತ್ತವಳ ಮೇಲೇ ಅನುಮಾನಪಟ್ಟಂತೆ! ಹಾಗಾಗಿ ಹೋಶಿಮ್ ಆ ಹೊಗೆಯೊಳಗೇ ಕೂತು, ಮಂಜಿನಲ್ಲಿ ದಾರಿ ತಪ್ಪಿದ ಲಾರಿಯಂತೆ ಫೋನಿನ ಬೆಳಕು ಬಿಟ್ಟುಕೊಂಡು ಕಾಯಿಲೆ ಹುಡುಕಿದ.

ಸಿಗರೇಟ್ ಸೇದುತ್ತೀರಾ, ಎಂದು ಕೇಳಿತು ಫೋನು. "ಛೀ, ಇಲ್ಲ!" ಧೂಳಿನ ಕೆಲಸವೇ? "ಇಲ್ಲ!" ಕಣ್ಣಲ್ಲಿ ನೀರು ಬರುತ್ತದೆಯೇ? "ಧಾರಾಕಾರ!" ಇಷ್ಟು ಪ್ರಾಮಾಣಿಕ ಮನುಷ್ಯನಿಗೆ ಫೋನು ಜಿಪುಣತನ ತೋರಿಸಲಿಲ್ಲ. ಬೆಳಿಗ್ಗೆ ಶ್ವಾಸಕೋಶದ ಕಾಯಿಲೆ, ಮಧ್ಯಾಹ್ನ ಹೃದಯದ ಕಾಯಿಲೆ, ಸಂಜೆಗೆ ಉಚ್ಚರಿಸಲೂ ಬಾರದ ಒಂದು ಕಾಯಿಲೆ! ಜೊತೆಗೆ ಬಿಳಿ ಕೋಟಿನವನೊಬ್ಬ ವಿಡಿಯೋದಲ್ಲಿ, "ಅತಿಮಧುರದ ಕಷಾಯ ಕುಡಿಯಿರಿ, ಎಷ್ಟು ಕುಡಿದರೆ ಅಷ್ಟು ಒಳ್ಳೆಯದು" ಎಂದ. ಹೋಶಿಮ್ ಚೊಂಬುಗಟ್ಟಲೆ ಕುಡಿದ. ತಲೆನೋವು ಶುರುವಾಯಿತು. ಫೋನಿಗೆ ಹಬ್ಬವೋ ಹಬ್ಬ!

ಕೊನೆಗೆ ಅವನು ಹೆಂಡತಿಯ ಕೈ ಹಿಡಿದ. "ಮಸ್ತುರಾ, ನನ್ನ ಕರ್ನಾಯ್‌ನ ಯಾರಿಗಾದ್ರೂ ಒಳ್ಳೇವ್ರಿಗೆ ಕೊಡು."

"ಸಾಯೋದಾದ್ರೆ ನಿಜವಾದ ಡಾಕ್ಟರ್ ಹೇಳಿದ ಮೇಲೆ ಸಾಯಿರಿ. ಏಳ್ರೀ ಮೇಲೆ!"

ತಾಯಿಯೂ ಸೇರಿ ಮೂವರೂ ಆಸ್ಪತ್ರೆಗೆ ಹೊರಟರು. ಡಾಕ್ಟರ್ ನಫೀಸಾ ಚಿಕ್ಕ ವಯಸ್ಸಿನಾಕೆ. ಹೋಶಿಮನ ಎದೆಗೆ ಸ್ಟೆತಸ್ಕೋಪ್ ಇಡಲು ಬಗ್ಗಿದಳೋ ಇಲ್ಲವೋ, "ಖೊಕ್!" ಎಂದು ತಾನೇ ಕೆಮ್ಮಿದಳು. ಬೆನ್ನಿನ ಕಡೆ ಹೋದಳು, "ಖೊಕ್! ಖೊಕ್!" ಓಡಿಹೋಗಿ ಕಿಟಕಿ ತೆರೆದಳು.

"ಅಣ್ಣಾ, ನಿಮ್ಮ ಕೋಟನ್ನ ಯಾರಾದ್ರೂ ಸುಟ್ಟುಬಿಟ್ರಾ?"

"ಇಸಿರಿಕ್ ಕಣಮ್ಮ," ಎಂದರು ಇನೋಯತ್ ಹೆಮ್ಮೆಯಿಂದ. "ಬೆಳಿಗ್ಗೆಯಿಂದ ರಾತ್ರಿವರೆಗೂ ಹಾಕ್ತೀನಿ. ಕಾಯಿಲೆ ಅಷ್ಟು ಗಟ್ಟಿ!"

ಡಾಕ್ಟರ್ ನಗು ತಡೆದುಕೊಂಡಳು. "ಎದೆ ಚೆನ್ನಾಗಿದೆ ಅಣ್ಣ. ನೆಗಡಿ ಯಾವಾಗಲೋ ಹೋಗಿದೆ, ಈಗಿರೋದು ಹೊಗೆ ಕೆಮ್ಮು. ಅಮ್ಮಾ, ಆ ಬಾಣಲೆಗೆ ಸ್ವಲ್ಪ ದಿನ ರಜೆ ಕೊಡಿ."

"ಆದ್ರೆ ಫೋನಿನಲ್ಲಿ..." ಎಂದ ಹೋಶಿಮ್.

"ಓದೋದು ತಪ್ಪಲ್ಲ. ಓದಿ, ಆಮೇಲೆ ಬಂದು ತೋರಿಸಿ. ಫೋನಿಗೆ ಮೂಗಿಲ್ಲ ಅಣ್ಣ, ನನಗಿದೆ!" ಎಂದು ಅವನ ತೋಳಿಗೆ ಬಿಪಿ ನೋಡುವ ಪಟ್ಟಿ ಸುತ್ತಿದಳು. ಅವಳ ನಗು ನಿಂತಿತು. "ಬಿಪಿ ಏರಿದೆಯಲ್ಲ! ಏನು ಕುಡೀತಿದೀರಿ?"

"ಅತಿಮಧುರ," ಎಂದಳು ಮಸ್ತುರಾ, "ಎಮ್ಮೆ ನೀರು ಕುಡಿಯೋ ಹಾಗೆ."

"ಅದೇ ಏರಿಸಿರಬೇಕು. ಇವತ್ತೇ ನಿಲ್ಲಿಸಿ. ಬೇರೆ ಕಾರಣ ಇದೆಯಾ ಅಂತ ರಕ್ತಾನೂ ಪರೀಕ್ಷೆ ಮಾಡ್ತೀನಿ. ಈ ಬಿಪಿ ಇಟ್ಕೊಂಡು ಕರ್ನಾಯ್ ಊದೋ ಹಾಗಿಲ್ಲ. ಮುಂದಿನ ಮಂಗಳವಾರ ಬನ್ನಿ. ಇಳಿದಿದ್ರೆ ಮದುವೆಗೆ ಊದೋಕೆ ನಾನೇ ಒಪ್ಪಿಗೆ ಕೊಡ್ತೀನಿ."

ಅಂದರೆ ಇಷ್ಟೆಲ್ಲ ಕಾಯಿಲೆಗಳಲ್ಲಿ ನಿಜವಾದದ್ದು ಒಂದೇ, ಅದೂ ಅವನು ಲೋಟ ಎತ್ತಿ ತಾನೇ ಕುಡಿದದ್ದು!

ಹೊರಗೆ ಬಂದು ಸ್ವಲ್ಪ ದೂರ ಹೋಗುವಷ್ಟರಲ್ಲಿ ಅವನ ಬೆರಳು ಜೇಬಿನತ್ತ ಹೋಯಿತು. ಬಿಪಿ ಇಳಿಯಲು ಎಷ್ಟು ದಿನ ಬೇಕು ಎಂದು ನೋಡುವ ಆಸೆ, ಅಷ್ಟೇ! ಮಸ್ತುರಾ ಕೈ ಚಾಚಿದಳು. ಅವನು ಫೋನ್ ಕೊಟ್ಟ.

"ಮಂಗಳವಾರ ನಾನೂ ಬರ್ತೀನಿ," ಎಂದರು ಇನೋಯತ್. "ಪಾಪ, ಆ ಹುಡುಗಿ ಎಷ್ಟು ಕೆಮ್ಮಿದಳು! ಯಾರದೋ ಕಣ್ಣು ಬಿದ್ದಿದೆ. ಒಂದು ಹಿಡಿ ಇಸಿರಿಕ್..."

"ಬೇಡಮ್ಮಾ! ಆಕೆಗೆ ಉಸಿರು ಕಟ್ಟಿದ್ರೆ ನನಗೆ ಒಪ್ಪಿಗೆ ಕೊಡೋರ್ಯಾರು?"

"ಎಲ್ರೂ ಹೋಗೋಣ," ಎಂದಳು ಮಸ್ತುರಾ. "ಅತ್ತೆ, ಇಸಿರಿಕ್ ಮನೇಲಿರಲಿ. ಫೋನ್ ನನ್ನ ಹತ್ರ ಇರುತ್ತೆ."

"ಮತ್ತೆ ನಾನು?" ಎಂದ ಆ ಮನೆಯ ಡಾಕ್ಟರ್, ಮೆಲ್ಲಗೆ.

"ನೀವು ಬಾಯಿ ಮುಚ್ಕೊಂಡು ಬನ್ನಿ. ಮಂಗಳವಾರ ಅವ್ರು 'ಆ' ಅನ್ನಿ ಅಂದಾಗ ತೆರೆದ್ರೆ ಸಾಕು!"